ಕೆಲಸ ಎತ್ತಿಕೊಂಡವನೇ ನಡುವೆ ಕಾಣೆಯಾದರೆ?

ಪ್ರಶ್ನೆ: ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಲಾರಿ ಡ್ರೈವರ್‌ಗಳು ಕಳಿಸುವ ಎಲ್‌ಆರ್ ಕಾಪಿಯ (ಸರಕು ಸಾಗಣೆಯ ರಸೀದಿ) ಫೋಟೋ ಓದುವುದು ಒಂದು ಪೈಥಾನ್ ಪ್ರೋಗ್ರಾಂ. ಬಾಡಿಗೆ ಲೆಕ್ಕ ಹಾಕುವುದು ಜಾವಾದಲ್ಲಿದೆ. ಟ್ರಾನ್ಸ್‌ಪೋರ್ಟ್ ಕಂಪನಿಗಳ ಸಿಸ್ಟಮ್‌ಗಳಿಗೆ ಮಾಹಿತಿ ತಲುಪಿಸಲು ಇನ್ನೊಂದು ಪ್ರೋಗ್ರಾಂ ಇದೆ. ಎಲ್ಲವೂ ಒಂದನ್ನೊಂದು ನೇರವಾಗಿ ಕರೆಯುತ್ತವೆ. ಹೊಸ ಕಂಪನಿ ಸೇರಿದಾಗಲೆಲ್ಲ ಮೂರ್ನಾಲ್ಕು ಕಡೆ ಕೋಡ್ ಬದಲಾಯಿಸಬೇಕು. ಒಂದು ಡೌನ್ ಆದರೆ ಉಳಿದವೂ ನಿಲ್ಲುತ್ತವೆ. ಎಂ.ಟೆಕ್‌ನಲ್ಲಿ ಕೋಆರ್ಡಿನೇಷನ್ ಮಾಡೆಲ್ (ಬೇರೆ ಬೇರೆ ಪ್ರೋಗ್ರಾಂಗಳನ್ನು ಹೊಂದಿಸುವ ವಿಧಾನ) ಅಂತ ಲಿಂಡಾ, ಟಪಲ್ ಸ್ಪೇಸ್, ರಿಯೋ ಎಲ್ಲ ಓದಿದ್ದೆ. ಅವು ಈಗಲೂ ಉಪಯೋಗಕ್ಕೆ ಬರುತ್ತವೆಯೇ? ಕಾಫ್ಕಾ, ಝೂಕೀಪರ್‌ನಂಥ ಈಗಿನ ಟೂಲ್‌ಗಳನ್ನು ಕಲಿತರೆ ಸಾಲದೇ?

ಉತ್ತರ: ಕಾಫ್ಕಾ, ಝೂಕೀಪರ್ ಖಂಡಿತ ಕಲಿಯಿರಿ. ಆದರೆ ಲಿಂಡಾ ಚೆನ್ನಾಗಿ ಗೊತ್ತಿದ್ದರೆ ಅವು ಯಾಕೆ ಹಾಗಿವೆ ಅನ್ನೋದು ಬೇಗ ಹೊಳೆಯುತ್ತದೆ. ನಿಮ್ಮ ಈಗಿನ ತೊಂದರೆಗೆ ಯಾವುದು ಬೇಕು, ಯಾವುದು ಬೇಡ ಅಂತ ತೀರ್ಮಾನಿಸುವುದೂ ಸುಲಭವಾಗುತ್ತದೆ. ನನ್ನ ಮಟ್ಟಿಗೆ, ಈ ವಿಷಯದಲ್ಲಿ ಮೊದಲು ಓದಬೇಕಾದದ್ದು ಇವತ್ತಿಗೂ ಲಿಂಡಾನೇ.

ಡೇವಿಡ್ ಗೆಲರ್ನ್‌ಟರ್ ಲಿಂಡಾ ಬಗ್ಗೆ ಮುಖ್ಯ ಲೇಖನ ಬರೆದದ್ದು 1985ರಲ್ಲಿ. ಆಮೇಲೆ ಯೇಲ್ ವಿಶ್ವವಿದ್ಯಾಲಯದಲ್ಲಿ ನಿಕೋಲಸ್ ಕ್ಯಾರಿಯೆರೊ ಜೊತೆ ಅದನ್ನು ಬೆಳೆಸಿದರು. 1992ರಲ್ಲಿ ಇಬ್ಬರೂ ಸೇರಿ ಒಂದು ಸರಳವಾದ ಮಾತು ಮುಂದಿಟ್ಟರು: ಪ್ರೋಗ್ರಾಂ ಬರೆಯುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಲೆಕ್ಕ ಮಾಡುವುದು ಒಂದು. ಲೆಕ್ಕ ಮಾಡುವವರನ್ನು ಒಬ್ಬರಿಗೊಬ್ಬರು ಹೊಂದಿಸುವುದು ಇನ್ನೊಂದು. ಎರಡನೆಯದಕ್ಕೆ ಅದರದ್ದೇ ಆದ ಭಾಷೆ ಇರಲಿ, ಮೊದಲನೆಯದು ಸಿ ಆಗಲಿ ಫೋರ್ಟ್ರಾನ್ ಆಗಲಿ ಪರವಾಗಿಲ್ಲ ಅಂದರು. ನಿಮ್ಮಲ್ಲಿ ಆಗಿರುವ ಗೋಜಲು ಇಲ್ಲಿಯೇ ಹುಟ್ಟಿದೆ. ಫೋಟೋ ಓದುವ ಪ್ರೋಗ್ರಾಂಗೆ ಲೆಕ್ಕದ ಪ್ರೋಗ್ರಾಂ ಎಲ್ಲಿದೆ, ಎದ್ದಿದೆಯಾ, ಅದರ ಮುಂದೆ ಯಾರು ಅನ್ನೋದೆಲ್ಲ ಗೊತ್ತಿರಬೇಕಾಗಿದೆ. ಅದು ಫೋಟೋ ಓದುವವನ ಕೆಲಸ ಅಲ್ಲ, ಅಲ್ವಾ?

ಲಿಂಡಾದಲ್ಲಿ ಎಲ್ಲರಿಗೂ ಒಂದೇ ಸಾಮಾನ್ಯ ಜಾಗ, ಟಪಲ್ ಸ್ಪೇಸ್. ಟಪಲ್ ಅಂದರೆ ಕೆಲವು ಮೌಲ್ಯಗಳ ಒಂದು ಸಾಲು. ನಿಮ್ಮ ಲೆಕ್ಕದಲ್ಲಿ (“ಎಲ್‌ಆರ್”, 4417, “ಓದಬೇಕು”) ಅಂತ ಇಟ್ಟುಕೊಳ್ಳಿ. ಅದನ್ನು ಆ ಜಾಗಕ್ಕೆ ಹಾಕುವುದು ‘ಔಟ್’. ಬೇಕಾದ್ದನ್ನು ಹುಡುಕಿ ತೆಗೆದುಕೊಂಡುಬಿಡುವುದು ‘ಇನ್’. ತೆಗೆಯದೆ ಸುಮ್ನೆ ಓದುವುದು ‘ಆರ್‌ಡಿ’. ಹೊಸ ಪ್ರೋಗ್ರಾಂ ಶುರು ಮಾಡಿ, ಅದು ಮುಗಿದಾಗ ಬಂದ ಫಲವನ್ನು ಟಪಲ್ ಆಗಿ ಇಡುವುದು ‘ಇವ್ಯಾಲ್’. ಇಷ್ಟೇ. ಹುಡುಕುವುದು ವಿಳಾಸದಿಂದಲ್ಲ, ನಮೂನೆಯಿಂದ. ಇನ್(“ಎಲ್‌ಆರ್”, ?ನಂಬರ್, “ಓದಬೇಕು”) ಅಂದರೆ, ಮೊದಲ ಮತ್ತು ಕೊನೆಯ ಜಾಗದಲ್ಲಿ ಈ ಮಾತು ಇರುವ ಯಾವುದಾದರೂ ಒಂದು ಟಪಲ್ ಕೊಡು, ನಡುವಿನ ನಂಬರ್ ಏನಿದ್ದರೂ ಸರಿ ಅಂತ. ಹೊಂದುವಂಥದ್ದು ಇಲ್ಲದಿದ್ದರೆ ಬರುವ ತನಕ ಕಾಯುತ್ತದೆ. ಹತ್ತು ಇದ್ದರೆ ಯಾವುದಾದರೂ ಒಂದು ಸಿಗುತ್ತದೆ, ಯಾವುದು ಅಂತ ಹೇಳುವ ಹಾಗಿಲ್ಲ.

ಇದರಿಂದ ಸಿಗುವ ಲಾಭ ದೊಡ್ಡದು. ಹಾಕಿದವರಿಗೆ ತೆಗೆದುಕೊಳ್ಳುವವರು ಯಾರು ಅಂತ ಗೊತ್ತಿರಬೇಕಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಎದ್ದಿರಬೇಕಿಲ್ಲ. ಹಾಕಿದ ಪ್ರೋಗ್ರಾಂ ಮುಗಿದುಹೋದ ಮೇಲೂ ಟಪಲ್ ಅಲ್ಲೇ ಇರುತ್ತದೆ. ಫೋಟೋಗಳು ಜಾಸ್ತಿ ಬಂದ ದಿನ ಓದುವ ಪ್ರೋಗ್ರಾಮನ್ನು ಐದು ಮೆಷಿನ್‌ನಲ್ಲಿ ಓಡಿಸಿ, ಉಳಿದ ಯಾವುದನ್ನೂ ಮುಟ್ಟಬೇಕಾಗಿಲ್ಲ. ಯಾರು ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ ಅನ್ನೋದು ಮೊದಲೇ ತಿಳಿಯದ ವ್ಯವಸ್ಥೆಗೆ ಓಪನ್ ಸಿಸ್ಟಮ್ ಅನ್ನುತ್ತಾರೆ. ಅಂಥ ಕಡೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಂಡಿಲ್ಲ.

ಆದರೆ ಇದೇ ಗುಣಕ್ಕೆ ಒಂದು ಬೆಲೆ ಇದೆ. ಪರಸ್ಪರ ಪರಿಚಯ ಬೇಡ ಅಂದಮೇಲೆ, ಒಬ್ಬರು ಕಾಣೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ನೇರವಾಗಿ ಕರೆದಾಗ ಆ ಕಡೆಯವರು ಇಲ್ಲದಿದ್ದರೆ ಎರರ್ ಆದರೂ ಬರುತ್ತದೆ. ಟಪಲ್ ಸ್ಪೇಸ್‌ನಲ್ಲಿ ಬರೀ ಮೌನ. ಈ ಕ್ಷೇತ್ರದ ಮುಂದಿನ ಸಂಶೋಧನೆಯಲ್ಲಿ ದೊಡ್ಡ ಪಾಲು, ಈಗಿನ ಟೂಲ್‌ಗಳ ಹೆಚ್ಚಿನ ಸೆಟ್ಟಿಂಗ್‌ಗಳು, ಈ ಒಂದು ಬೆಲೆಯನ್ನು ಹೇಗೆ ಕಟ್ಟುವುದು ಅನ್ನೋದರ ಸುತ್ತವೇ ಇವೆ.

ಒಂದು ಚಿಕ್ಕ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬಿಲ್ ನಂಬರ್ ಕೊಡಲು ಎಲ್ಲರೂ ಹಂಚಿಕೊಳ್ಳುವ ಒಂದು ಎಣಿಕೆ ಬೇಕು ಅಂದುಕೊಳ್ಳಿ. ಲಿಂಡಾದಲ್ಲಿ ಎರಡೇ ಸಾಲು: ಇನ್(“ಬಿಲ್”, ?ಎನ್), ಆಮೇಲೆ ಔಟ್(“ಬಿಲ್”, ಎನ್+1). ತುಂಬಾ ಚೆಂದದ ಕೋಡ್. ಇನ್ ಮಾಡಿದ ಕೂಡಲೇ ಟಪಲ್ ಅಲ್ಲಿಂದ ಮಾಯವಾಗುವುದರಿಂದ ಅದೇ ಬೀಗದ ಕೆಲಸವನ್ನೂ ಮಾಡುತ್ತದೆ. ಇಬ್ಬರಿಗೆ ಒಂದೇ ನಂಬರ್ ಸಿಗುವ ಪ್ರಶ್ನೆಯೇ ಇಲ್ಲ. ಈಗ ಮೊದಲ ಸಾಲು ಆಗಿ ಎರಡನೆಯದು ಆಗುವ ಮೊದಲು ಆ ಮೆಷಿನ್‌ನ ಕರೆಂಟ್ ಹೋಯಿತು ಅನ್ನಿ. ಎಣಿಕೆಯ ಟಪಲ್ ಆ ಪ್ರೋಗ್ರಾಂ ಜೊತೆಗೇ ಹೋಯಿತು. ಉಳಿದವರೆಲ್ಲ ಇನ್ ಮಾಡಿ ಕಾಯುತ್ತಾ ಕೂರುತ್ತಾರೆ. ಯಾರಿಗೂ ಎರರ್ ಬರುವುದಿಲ್ಲ. ಲಾಗ್‌ನಲ್ಲಿ ಏನೂ ಇರುವುದಿಲ್ಲ. ಆಫೀಸಿನಲ್ಲಿ ಬಿಲ್ ಬರುತ್ತಿಲ್ಲ ಅಂತ ಯಾರಾದರೂ ಫೋನ್ ಮಾಡಿದಾಗಲೇ ತಿಳಿಯುವುದು.

ಇದಕ್ಕೆ ಎರಡು ಒಳ್ಳೆಯ ಉತ್ತರಗಳು ಬಂದವು. ಒಂದು, ಎರಡೂ ಸಾಲುಗಳನ್ನು ಒಡೆಯಲಾಗದ ಹಾಗೆ ಕಟ್ಟುವುದು. 1990ರ ದಶಕದಲ್ಲಿ ಬ್ಯಾಕೆನ್ ಮತ್ತು ಶ್ಲಿಕ್ಟಿಂಗ್ ರೂಪಿಸಿದ ಎಫ್‌ಟಿ-ಲಿಂಡಾದಲ್ಲಿ ಇನ್ ಮತ್ತು ಔಟ್ ಸೇರಿ ಒಂದೇ ಹೇಳಿಕೆ ಆಗುತ್ತದೆ. ಆಗುವುದಾದರೆ ಪೂರ್ತಿ ಆಗುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಎಣಿಕೆಯಂಥ ಚಿಕ್ಕ ಕೆಲಸಕ್ಕೆ ಇದು ಸರಿ. ಒಂದು ನಿಮಿಷ ಹಿಡಿಯುವ ಫೋಟೋ ಓದುವ ಕೆಲಸಕ್ಕೆ ಇದು ಸಾಲದು.

ಎರಡನೆಯದು ಲೀಸ್, ಅಂದರೆ ಅವಧಿ ಕಟ್ಟಿ ಕೊಡುವುದು. 1990ರ ದಶಕದ ಕೊನೆಯಲ್ಲಿ ಸನ್ ಕಂಪನಿ ಜಿನಿ ಅನ್ನುವ ವ್ಯವಸ್ಥೆಯ ಜೊತೆ ತಂದ ಜಾವಾಸ್ಪೇಸಸ್‌ನಲ್ಲಿ ಇದು ಎಲ್ಲೆಲ್ಲೂ ಇದೆ. ನೀವು ಇಟ್ಟ ವಸ್ತುವಿಗೂ ಅವಧಿ ಇದೆ, ಕೆಲಸ ತೆಗೆದುಕೊಂಡ ಟ್ರಾನ್ಸಾಕ್ಷನ್‌ಗೂ (ಪೂರ್ತಿ ಆಗುವ, ಇಲ್ಲವೇ ಪೂರ್ತಿ ರದ್ದಾಗುವ ಕ್ರಿಯೆಗಳ ಕಟ್ಟು) ಅವಧಿ ಇದೆ. ತೆಗೆದುಕೊಂಡವರು ಹೊತ್ತಿಗೆ ಸರಿಯಾಗಿ ಲೀಸ್ ನವೀಕರಿಸದಿದ್ದರೆ ಟ್ರಾನ್ಸಾಕ್ಷನ್ ರದ್ದಾಗುತ್ತದೆ, ಕೆಲಸ ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ಇನ್ನೊಬ್ಬರು ಎತ್ತಿಕೊಳ್ಳಬಹುದು. ಯಾರು ಸತ್ತರು ಅಂತ ಪತ್ತೆ ಹಚ್ಚುವ ಗೋಜೇ ಇಲ್ಲ, ಗಡಿಯಾರ ನೋಡಿದರೆ ಸಾಕು. ಈ ಕ್ಷೇತ್ರದಲ್ಲಿ ನನಗೆ ಅತಿ ಇಷ್ಟವಾದ ಯೋಚನೆ ಇದು.

ಇಲ್ಲೂ ಒಂದು ಹಳ್ಳ ಇದೆ, ತುಂಬಾ ಜನ ಬೀಳುವುದು ಇಲ್ಲೇ. ಮೊದಲನೆಯವನು ಸತ್ತಿರಲಿಕ್ಕಿಲ್ಲ, ನಿಧಾನ ಆಗಿರಬಹುದು. 30 ಸೆಕೆಂಡಿನ ಲೀಸ್ ತೆಗೆದುಕೊಂಡ ಜಾವಾ ಪ್ರೋಗ್ರಾಂ, ಗಾರ್ಬೇಜ್ ಕಲೆಕ್ಷನ್‌ನಲ್ಲೋ (ಬೇಡದ ಮೆಮೊರಿ ಗುಡಿಸುವುದು) ಮೆಮೊರಿ ಸಾಲದೆಯೋ 40 ಸೆಕೆಂಡ್ ಕಲ್ಲಿನ ಹಾಗೆ ನಿಂತುಬಿಟ್ಟಿತು ಅನ್ನಿ. ಅಷ್ಟರಲ್ಲಿ ಲೀಸ್ ಮುಗಿದು ಇನ್ನೊಬ್ಬ ಕೆಲಸ ಎತ್ತಿಕೊಂಡ. ಮೊದಲನೆಯವನು ಎಚ್ಚರವಾದಾಗ ಅವನಿಗೆ ಹೊತ್ತು ಕಳೆದದ್ದೇ ತಿಳಿದಿರುವುದಿಲ್ಲ. ತನ್ನ ಹಳೆಯ ಉತ್ತರವನ್ನು ಬರೆದುಬಿಡುತ್ತಾನೆ. ಲೀಸ್ ಒಂದರಿಂದಲೇ ಇದನ್ನು ತಡೆಯಲಾಗುವುದಿಲ್ಲ. ಪ್ರತಿ ಸಲ ಕೆಲಸ ಕೊಡುವಾಗಲೂ ಏರುತ್ತಾ ಹೋಗುವ ಒಂದು ನಂಬರ್ ಕೊಡಬೇಕು. ಉತ್ತರ ಬರೆಯುವ ಕಡೆ ಆ ನಂಬರ್ ನೋಡಿ, ಹಳೆಯದಾಗಿದ್ದರೆ ತಿರಸ್ಕರಿಸಬೇಕು. ಗೂಗಲ್‌ನವರು 2006ರಲ್ಲಿ ಚಬ್ಬಿ ಅನ್ನುವ ತಮ್ಮ ಲಾಕ್ ಸರ್ವಿಸ್ ಬಗ್ಗೆ ಬರೆದಾಗ ಇದಕ್ಕೆ ಸೀಕ್ವೆನ್ಸರ್ ಅಂದರು. ಫೆನ್ಸಿಂಗ್ ಟೋಕನ್ ಅನ್ನೋ ಹೆಸರು ಈಗ ಜಾಸ್ತಿ ಬಳಕೆಯಲ್ಲಿದೆ.

ಈ ದೃಷ್ಟಿಯಿಂದ ಈಗಿನ ಟೂಲ್‌ಗಳನ್ನು ನೋಡಿ. ಮೊದಲ ಎರಡು ಮೆಸೇಜ್‌ಗಳ ಸಾಲು ನಡೆಸುವಂಥವು. ರ‍್ಯಾಬಿಟ್‌ಎಂಕ್ಯೂನಲ್ಲಿ ಕೆಲಸ ತೆಗೆದುಕೊಂಡವರು ಆಕ್ (ಮುಗಿಯಿತು ಅನ್ನುವ ಸೂಚನೆ) ಕಳಿಸುವ ಮೊದಲು ಕನೆಕ್ಷನ್ ಕಡಿದರೆ ಮೆಸೇಜ್ ಮತ್ತೆ ಸಾಲಿಗೆ ಸೇರುತ್ತದೆ. ಅಮೆಜಾನ್ ಎಸ್‌ಕ್ಯೂಎಸ್‌ನಲ್ಲಿ ವಿಸಿಬಿಲಿಟಿ ಟೈಮ್‌ಔಟ್, ಅಂದರೆ ಎತ್ತಿಕೊಂಡ ಮೆಸೇಜ್ ಬೇರೆಯವರಿಗೆ ಕಾಣದ ಅವಧಿ, ಇದೆ, ನೀವು ಬದಲಾಯಿಸದಿದ್ದರೆ 30 ಸೆಕೆಂಡ್. ಅದು ಲೀಸೇ. ಝೂಕೀಪರ್‌ನಲ್ಲಿ ತಾತ್ಕಾಲಿಕ ನೋಡ್‌ಗಳು, ಅಂದರೆ ಚಿಕ್ಕ ದಾಖಲೆಗಳು, ಇವೆ. ಇಟ್ಟವರ ಸೆಷನ್ ಮುಗಿದರೆ ಅವೂ ತಾವಾಗಿ ಅಳಿಸಿಹೋಗುತ್ತವೆ. 2010ರ ಝೂಕೀಪರ್ ಲೇಖನದಲ್ಲಿ ಅದನ್ನು ಕಟ್ಟಿದವರು ಒಂದು ಕುತೂಹಲದ ನಿರ್ಧಾರ ವಿವರಿಸುತ್ತಾರೆ: ಲಿಂಡಾದ ಇನ್‌ನಂತೆ ಕಾಯಿಸುವ ಕ್ರಿಯೆಯನ್ನೇ ಅವರು ಇಡಲಿಲ್ಲ. ಒಬ್ಬ ನಿಧಾನದ ಕ್ಲೈಂಟ್‌ನಿಂದ ಬೇರೆಯವರೂ ನಿಧಾನ ಆಗಬಾರದು ಅಂತ. ಕಾಯಬೇಕಾದವರು ಬದಲಾದಾಗ ತಿಳಿಸು ಅಂತ ಹೇಳಿ ತಮ್ಮ ಪಾಡಿಗೆ ಹೋಗಬಹುದು. ಆದರೆ ಝೂಕೀಪರ್ ಕೆಲಸಗಳ ರಾಶಿ ಇಡುವ ಜಾಗವಲ್ಲ. ನಾಯಕ ಯಾರು, ಯಾರ‍್ಯಾರು ಎದ್ದಿದ್ದಾರೆ, ಈಗಿನ ಸೆಟ್ಟಿಂಗ್ ಏನು ಅನ್ನುವಂಥ ಚಿಕ್ಕ ಮಾಹಿತಿಗೆ ಅದು.

ಕಾಫ್ಕಾ ಬೇರೆ ಜಾತಿ. ಅಲ್ಲಿ ಓದಿದರೆ ಏನೂ ಅಳಿಯುವುದಿಲ್ಲ. ಅದು ಸಾಲಾಗಿ ಬರೆಯುತ್ತಾ ಹೋಗುವ ದಾಖಲೆ. ಎಲ್ಲಿಯವರೆಗೆ ಓದಿದ್ದೇವೆ ಅಂತ ಪ್ರತಿ ಗುಂಪು ಗುರುತು ಹಾಕಿಕೊಳ್ಳುತ್ತದೆ. ಆದದ್ದನ್ನು ಹಲವರಿಗೆ ತಿಳಿಸಲು ತುಂಬಾ ಒಳ್ಳೆಯದು. ಆದರೆ ನಮೂನೆ ಕೊಟ್ಟು ಹುಡುಕುವ ಸೌಕರ್ಯ ಇಲ್ಲ. ಸಾಮಾನ್ಯ ಕನ್ಸ್ಯೂಮರ್ ಗ್ರೂಪ್‌ನಲ್ಲಿ (ಓದುವವರ ಗುಂಪು) ಒಂದು ಪಾರ್ಟಿಷನ್ನಿನ, ಅಂದರೆ ದಾಖಲೆಯ ಒಂದು ಭಾಗದ, ಮೆಸೇಜ್‌ಗಳು ಸಾಲಾಗಿಯೇ ಹೋಗುತ್ತವೆ. ಮಸುಕಾದ ಒಂದು ಫೋಟೋ ಎರಡು ನಿಮಿಷ ತಿಂದರೆ ಅದರ ಹಿಂದಿನವು ಕಾಯಬೇಕು. ನಿಮ್ಮ ಫೋಟೋ ಕೆಲಸಕ್ಕೆ ಅದು ಸರಿಹೋಗಲಾರದು ಅನ್ನೋದು ನನ್ನ ಅಭಿಪ್ರಾಯ.

ಲಿಂಡಾದಲ್ಲಿ ಅಡಗಿರುವ ಇನ್ನೊಂದು ಕಷ್ಟ ಹೇಳಲೇಬೇಕು. ಕಾಯದೆ ಕೇಳುವ ‘ಇನ್‌ಪಿ’ ಅಂತ ಒಂದು ಕ್ರಿಯೆ ಇದೆ. ಇದ್ದರೆ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು ಅಂತ. ಒಂದೇ ಮೆಷಿನ್‌ನಲ್ಲಿ ಇದು ಸಲೀಸು. ಟಪಲ್‌ಗಳು ಹತ್ತು ಮೆಷಿನ್‌ಗಳಲ್ಲಿ ಹಂಚಿಹೋಗಿರುವಾಗ “ಇಲ್ಲ” ಅನ್ನಲು ಹತ್ತನ್ನೂ ಕೇಳಬೇಕು. ಕೇಳಿ ಮುಗಿಯುವಷ್ಟರಲ್ಲಿ ಮೊದಲನೆಯದರಲ್ಲಿ ಹೊಸದು ಬಂದಿರಬಹುದು. ಒಂದರ ಸಂಪರ್ಕ ಕಡಿದಿದ್ದರಂತೂ ಉತ್ತರವೇ ಇಲ್ಲ. “ಇದೆ” ಅನ್ನಲು ಒಂದು ಸಿಕ್ಕರೆ ಸಾಕು, “ಇಲ್ಲ” ಅನ್ನಲು ಎಲ್ಲವೂ ಗೊತ್ತಿರಬೇಕು. ಓಪನ್ ಸಿಸ್ಟಮ್‌ನಲ್ಲಿ “ಎಲ್ಲ” ಎಂದರೆ ಎಷ್ಟು ಅಂತಲೇ ಯಾರಿಗೂ ಗೊತ್ತಿರುವುದಿಲ್ಲ.

ಇದೇ ಸಂಗತಿ ನಮ್ಮ ಕಣ್ಣೆದುರೇ ನಡೆಯುತ್ತಿದೆ. ಆನ್‌ಲೈನ್ ವ್ಯಾಪಾರದ ಮುಕ್ತ ಜಾಲವಾದ ಒಎನ್‌ಡಿಸಿ 2022ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಕೆಲವು ಪಿನ್‌ಕೋಡ್‌ಗಳ ಗ್ರಾಹಕರಿಗೆ ತೆರೆದುಕೊಂಡಿತು. ಅದರ ಕೆಳಗಿರುವುದು ಬೆಕ್ನ್ ಪ್ರೋಟೋಕಾಲ್, ಅಂದರೆ ಆ್ಯಪ್‌ಗಳು ಮಾತಾಡಿಕೊಳ್ಳುವ ನಿಯಮಾವಳಿ. ಖರೀದಿಯ ಆ್ಯಪ್ ‘ಸರ್ಚ್’ ಅಂತ ಕಳಿಸಿದರೆ ಕೂಡಲೇ ಬರುವುದು ತಲುಪಿತು ಅನ್ನುವ ಆಕ್ ಮಾತ್ರ. ಗೇಟ್‌ವೇ ಆ ಪ್ರಶ್ನೆಯನ್ನು ಮಾರಾಟದ ಆ್ಯಪ್‌ಗಳಿಗೆ ಹಂಚುತ್ತದೆ. ಅವು ತಮ್ಮ ತಮ್ಮ ಹೊತ್ತಿಗೆ ‘ಆನ್‌ಸರ್ಚ್’ ಅಂತ ಉತ್ತರ ಕಳಿಸುತ್ತವೆ. ಎಷ್ಟು ಉತ್ತರ ಬರುತ್ತವೆ ಅಂತ ಕೇಳಿದವರಿಗೆ ಗೊತ್ತಿಲ್ಲ. ಹಾಗಾಗಿ ಪ್ರತಿ ಮೆಸೇಜ್‌ನಲ್ಲೂ ಟಿಟಿಎಲ್ ಅಂತ ಆಯುಸ್ಸು ನಮೂದಾಗಿರುತ್ತದೆ. ಅಷ್ಟು ಹೊತ್ತಿನಲ್ಲಿ ಬಂದವರು ಬಂದರು, ಅಷ್ಟೇ. ಪೂರ್ತಿ ಪಟ್ಟಿ ಕೊಡುತ್ತೇವೆ ಅಂತ ಆ ಪ್ರೋಟೋಕಾಲ್ ಮಾತು ಕೊಡುವುದಿಲ್ಲ. ಕೊಡದಿರುವುದೇ ಸರಿ. ಹಾಗೆಯೇ ಪ್ರತಿ ಮೆಸೇಜ್‌ಗೂ ಡಿಜಿಟಲ್ ಸಹಿ ಇರುತ್ತದೆ. ಸಹಿ ಪರೀಕ್ಷಿಸುವ ಕೀ ರಿಜಿಸ್ಟ್ರಿಯಲ್ಲಿ, ಅಂದರೆ ಜಾಲದ ಸದಸ್ಯರ ಪಟ್ಟಿಯಲ್ಲಿ, ಸಿಗುತ್ತದೆ.

ಸಹಿಯ ಮಾತು ಯಾಕೆ ಎತ್ತಿದೆ ಅಂದರೆ, ಮೂಲ ಲಿಂಡಾದಲ್ಲಿ ಯಾರು ಬೇಕಾದರೂ ಯಾವುದನ್ನು ಬೇಕಾದರೂ ತೆಗೆಯಬಹುದಿತ್ತು. ಒಂದೇ ಲ್ಯಾಬಿನ ಪ್ರೋಗ್ರಾಂಗಳಿಗೆ ಅದು ಸಾಕಿತ್ತು. ಹೊರಗಿನವರಿಗೆ ಬಾಗಿಲು ತೆರೆದ ಮೇಲೆ ಸಾಲದು. ಇಟಲಿಯ ಸಂಶೋಧಕರು ಇಲ್ಲಿ ತುಂಬಾ ಕೆಲಸ ಮಾಡಿದ್ದಾರೆ. ಕ್ಲೇಮ್ ಭಾಷೆಯಲ್ಲಿ ಟಪಲ್ ಸ್ಪೇಸ್‌ಗಳಿಗೆ ನೆಲೆಗಳಿವೆ, ಯಾವ ಪ್ರೋಗ್ರಾಂ ಯಾವ ನೆಲೆಯಲ್ಲಿ ಏನು ಮಾಡಬಹುದು ಅಂತ ಹೇಳಬಹುದು. ಟುಸನ್‌ನಲ್ಲಿ ಟಪಲ್ ಇರುವ ಜಾಗಕ್ಕೇ ನಿಯಮ ಬರೆಯಬಹುದು. ಇಂಥದ್ದು ಬಂದರೆ ಹೀಗೆ ಮಾಡು ಅಂತ. ನಿಯಮ ಪಾಲಿಸುತ್ತಾರೆ ಅಂತ ಭಾಗವಹಿಸುವವರ ಮೇಲೆ ನಂಬಿಕೆ ಇಡುವ ಬದಲು ನಡುವಿನ ಜಾಗವೇ ಪಾಲಿಸುವಂತೆ ಮಾಡುವುದು. ನಿಮಗೂ ಇದು ನೇರವಾಗಿ ಬೇಕಾಗುವ ಪಾಠ.

ರಿಯೋ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯ ಫರ್ಹಾದ್ ಅರ್ಬಾಬ್ ಮೊದಲು ಮ್ಯಾನಿಫೋಲ್ಡ್, ಆಮೇಲೆ ರಿಯೋ ರೂಪಿಸಿದರು. ರಿಯೋದ ಮುಖ್ಯ ಲೇಖನ 2004ರದ್ದು. ಅಲ್ಲಿ ಹಂಚಿಕೊಳ್ಳುವ ಜಾಗ ಇಲ್ಲ, ಚಾನೆಲ್‌ಗಳಿವೆ. ಎರಡೂ ತುದಿಯವರು ಸಿದ್ಧ ಇದ್ದರೆ ಮಾತ್ರ ಸಾಗಿಸುವ ಚಾನೆಲ್, ತೆಗೆದುಕೊಳ್ಳುವವರಿಲ್ಲದಿದ್ದರೆ ಬಿಸಾಡುವ ಚಾನೆಲ್, ಒಂದನ್ನು ಇಟ್ಟುಕೊಳ್ಳುವ ಚಾನೆಲ್. ಇವನ್ನು ಜೋಡಿಸಿ ದೊಡ್ಡ ಜಾಲ ಕಟ್ಟುತ್ತೀರಿ. ಒಳಗಿನ ಪ್ರೋಗ್ರಾಂಗಳಿಗೆ ತಾವು ಯಾವ ಜಾಲದಲ್ಲಿದ್ದೇವೆ ಅಂತಲೇ ತಿಳಿಯದು. ಈ ಜಾಲ ಎಂದಾದರೂ ಸಿಕ್ಕಿಹಾಕಿಕೊಳ್ಳುತ್ತದಾ ಅಂತ ಗಣಿತದಿಂದ ಪರೀಕ್ಷಿಸಬಹುದು ಅನ್ನೋದು ಅದರ ಶಕ್ತಿ. ಅನುಕ್ರಮ ಮುಖ್ಯವಾದ ಕಡೆ, ಅಂದರೆ ಲೆಕ್ಕ ಆಗದೆ ಬಿಲ್ ಹೋಗಲೇಬಾರದು ಅನ್ನುವಂಥ ಕಡೆ, ಕಾಗದದ ಮೇಲೆ ರಿಯೋ ಚಿತ್ರ ಬರೆದು ನೋಡುವುದು ಒಳ್ಳೆಯ ಅಭ್ಯಾಸ. ನಿಮ್ಮ ಪ್ರೊಡಕ್ಷನ್‌ಗೆ ಅದನ್ನು ತರಬೇಕು ಅಂತ ನಾನು ಹೇಳುವುದಿಲ್ಲ.

ಈಗ ನಿಮ್ಮ ಕೆಲಸಕ್ಕೆ ಬರೋಣ. ನಿಮ್ಮ ಗಾತ್ರಕ್ಕೆ ಹೊಸ ಸರ್ವರ್ ಯಾವುದೂ ಬೇಡ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದೇ ಇರುತ್ತದೆ ಅಂದುಕೊಳ್ಳುತ್ತೇನೆ. 2016ರ ಜನವರಿಯಲ್ಲಿ ಬಂದ 9.5 ಆವೃತ್ತಿಯಿಂದ ಅದರಲ್ಲಿ ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಇದೆ. ಬೇರೆಯವರು ಹಿಡಿದಿರುವ ಸಾಲುಗಳನ್ನು ಬಿಟ್ಟು ಮುಂದಿನದನ್ನು ಕೊಡುತ್ತದೆ. ಅಂದರೆ ಲಿಂಡಾದ ಇನ್, ಕಾಯುವುದೊಂದನ್ನು ಬಿಟ್ಟು. ಒಂದು ಟೇಬಲ್ ಮಾಡಿ. ಕೆಲಸದ ಬಗೆ, ಎಲ್‌ಆರ್ ನಂಬರ್, ಸ್ಥಿತಿ, ಲೀಸ್ ಯಾವ ಹೊತ್ತಿನ ತನಕ, ಎಷ್ಟನೇ ಪ್ರಯತ್ನ, ಇಷ್ಟು ಕಾಲಂ ಸಾಕು.

ಕೆಲಸ ಬೇಕಾದವರು ಬಗೆ ಮತ್ತು ಸ್ಥಿತಿ ಕೊಟ್ಟು, ಮುಗಿಯದ ಮತ್ತು ಈಗ ಯಾರ ಲೀಸ್‌ನಲ್ಲೂ ಇಲ್ಲದ ಒಂದು ಸಾಲು ಹಿಡಿಯಲಿ. ಲೀಸನ್ನು ಎರಡು ನಿಮಿಷ ಮುಂದಕ್ಕೆ ಹಾಕಲಿ, ಪ್ರಯತ್ನದ ನಂಬರ್ ಒಂದು ಏರಿಸಲಿ, ತಕ್ಷಣ ಕಮಿಟ್ ಮಾಡಿ ಖಾಯಂ ಮಾಡಲಿ. ಫೋಟೋ ಓದುವುದು ಆಮೇಲೆ, ಟ್ರಾನ್ಸಾಕ್ಷನ್ನಿನ ಹೊರಗೆ. ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ಕೆಲಸ ಮಾಡಿದರೆ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತದೆ. ಆದರೆ ಅಂಥವು ಜಾಸ್ತಿಯಾದರೆ ಪೋಸ್ಟ್‌ಗ್ರೆಸ್‌ಗೆ ಹಳೆಯ ಸಾಲುಗಳನ್ನು ಗುಡಿಸಲು ಆಗದೆ ಟೇಬಲ್ ಊದುತ್ತದೆ. ಕೆಲಸ ಮುಗಿದ ಮೇಲೆ ಫಲ ಬರೆಯುವಾಗ ‘ಪ್ರಯತ್ನದ ನಂಬರ್ ನನ್ನದೇ ಆಗಿದ್ದರೆ ಮಾತ್ರ’ ಅಂತ ಷರತ್ತು ಹಾಕಿ. ಒಂದು ಸಾಲೂ ಬದಲಾಗಲಿಲ್ಲ ಅಂದರೆ ಕೆಲಸ ಬೇರೆಯವರ ಕೈಗೆ ಹೋಗಿದೆ ಅಂತ ಅರ್ಥ. ನಿಮ್ಮ ಉತ್ತರ ಬಿಸಾಡಿ, ಮುಂದಿನದಕ್ಕೆ ಹೋಗಿ. ಆ ಒಂದೇ ಷರತ್ತು ಫೆನ್ಸಿಂಗ್ ಟೋಕನ್ನಿನ ಕೆಲಸ ಮಾಡುತ್ತದೆ. ಐದು ಸಲ ಸೋತ ಕೆಲಸವನ್ನು ಬೇರೆ ಸ್ಥಿತಿಗೆ ಹಾಕಿ ಮನುಷ್ಯರಿಗೆ ತೋರಿಸಿ. ಇಲ್ಲದಿದ್ದರೆ ಒಂದು ಕೆಟ್ಟ ಫೋಟೋ ಎಲ್ಲ ಪ್ರೋಗ್ರಾಂಗಳನ್ನೂ ಸರದಿಯಲ್ಲಿ ಕೆಡವುತ್ತಾ ಕೂರುತ್ತದೆ.

ಹೊಸ ಟ್ರಾನ್ಸ್‌ಪೋರ್ಟ್ ಕಂಪನಿ ಬಂದಾಗ ಮೂರ್ನಾಲ್ಕು ಕಡೆ ಕೋಡ್ ಬದಲಾಯಿಸುವ ಕಷ್ಟಕ್ಕೆ ಇನ್ನೊಂದು ಟೇಬಲ್ ಸಾಕು. ಕಂಪನಿ, ವಿಳಾಸ, ಯಾವ ಸುದ್ದಿ ಬೇಕು, ಅವರ ಸಹಿಯ ಕೀ. ಮಾಹಿತಿ ತಲುಪಿಸುವ ಪ್ರೋಗ್ರಾಂ ಇದನ್ನು ಓದಿ ಪ್ರತಿ ಕಂಪನಿಗೂ ಒಂದೊಂದು ಕೆಲಸ ಹಾಕುತ್ತದೆ. ಹೊಸಬರು ಸೇರಿದರೆ ಒಂದು ಸಾಲು ಸೇರುತ್ತದೆ. ಹೊರಗಿನವರಿಗೆ ಮಾತ್ರ ಕೆಲಸದ ಟೇಬಲ್ ನೇರವಾಗಿ ತೋರಿಸಬೇಡಿ. ಸಹಿ ನೋಡಿ ಒಳಗೆ ಬಿಡುವ ಒಂದು ಎಪಿಐ ನಡುವೆ ಇರಲಿ, ನಿಯಮವೆಲ್ಲ ಅಲ್ಲಿರಲಿ. ಒಂದೇ ಸುದ್ದಿ ಅವರಿಗೆ ಎರಡು ಸಲ ತಲುಪುವುದು ಆಗಿಯೇ ಆಗುತ್ತದೆ, ಅದನ್ನು ಪೂರ್ತಿ ತಪ್ಪಿಸಲು ಹೋಗಬೇಡಿ. ಪ್ರತಿ ಸುದ್ದಿಗೂ ಬದಲಾಗದ ಒಂದು ಗುರುತು ಕೊಡಿ. ಅದನ್ನು ನೋಡಿ ಎರಡನೆಯದನ್ನು ಬಿಡಬೇಕು ಅಂತ ಮೊದಲ ದಿನವೇ ಒಪ್ಪಂದದಲ್ಲಿ ಬರೆಸಿ.

ದಿನಕ್ಕೆ ಲಕ್ಷಗಟ್ಟಲೆ ಫೋಟೋ ಬರುವ ಹೊತ್ತಿಗೆ ರ‍್ಯಾಬಿಟ್‌ಎಂಕ್ಯೂ ತರಹದ್ದಕ್ಕೆ ಹೋಗಬಹುದು. ಆಗ ಕೆಲಸ ಎತ್ತಿಕೊಳ್ಳುವ, ಮುಗಿಸುವ ನಾಲ್ಕಾರು ಫಂಕ್ಷನ್ ಮಾತ್ರ ಬದಲಾಗುತ್ತವೆ. ಫೋಟೋ ಓದುವ ಕೋಡನ್ನು ಮುಟ್ಟಬೇಕಾಗುವುದಿಲ್ಲ.

ಇದನ್ನು ಕಟ್ಟಿದ ಮೇಲೆ ಒಂದು ಪರೀಕ್ಷೆ ತಪ್ಪದೆ ಮಾಡಿ. ಫೋಟೋ ಓದುವ ಪ್ರೋಗ್ರಾಂ ಅರ್ಧ ಕೆಲಸದಲ್ಲಿರುವಾಗ ಕಿಲ್ -9 ಕೊಟ್ಟು ತಟ್ಟನೆ ಕೊಲ್ಲಿ. ಎರಡು ನಿಮಿಷದ ಲೀಸ್ ಮುಗಿದ ಮೇಲೆ ಅದೇ ಎಲ್‌ಆರ್ ಅನ್ನು ಬೇರೆ ಮೆಷಿನ್ ಎತ್ತಿಕೊಂಡು ಮುಗಿಸಬೇಕು. ಆಮೇಲೆ ಕಿಲ್ ಬದಲು ಸಿಗ್‌ಸ್ಟಾಪ್ ಕೊಟ್ಟು ಮೂರು ನಿಮಿಷ ನಿಲ್ಲಿಸಿ, ಸಿಗ್‌ಕಾಂಟ್ ಕೊಟ್ಟು ಎಬ್ಬಿಸಿ. ಅದರ ಹಳೆಯ ಉತ್ತರ ಟೇಬಲ್‌ಗೆ ಸೇರಿದ್ದರೆ ನಿಮ್ಮ ಷರತ್ತು ಎಲ್ಲೋ ಬಿಟ್ಟುಹೋಗಿದೆ. ಮೊದಲನೆಯ ಪರೀಕ್ಷೆಯನ್ನು ತುಂಬಾ ತಂಡಗಳು ಮಾಡುತ್ತವೆ, ಎರಡನೆಯದನ್ನು ಬಿಟ್ಟುಬಿಡುತ್ತವೆ. ದಯವಿಟ್ಟು ಎರಡನ್ನೂ ಮಾಡಿ.